ಚಟ್ನಿಯ ಸದ್ದು

ನಮ್ಮೂರಿನ ಅಡುಗೆಮನೆಗಳ ಬಾಯಿ ಮುಚ್ಚಿಸಿದವರಲ್ಲಿ ನಾನೂ ಒಬ್ಬಳು. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ, ತಲೆ ಎತ್ತಿಯೇ ಹೇಳುತ್ತಿದ್ದೇನೆ. ಇವತ್ತು ದಾವಣಗೆರೆಯ ಯಾವುದಾದರೂ ಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಪಕ್ಕದಲ್ಲೇ ಕೂಸು ಕಣ್ಣು ಬಿಡದೆ ಮಲಗಿದೆ ಎಂದರೆ ಅದರಲ್ಲಿ ಈ ಚಂದ್ರಕಲಾಳ ಪಾಲೂ ಇದೆ. ಎಪ್ಪತ್ತೆಂಟು ವರ್ಷ ಆಯಿತು ನನಗೆ. ಈ ವಯಸ್ಸಿನಲ್ಲಿ ವಿನಯ ತೋರಿಸಿ ಯಾರಿಂದ ಏನಾಗಬೇಕು?

ಸದ್ದು ಎಂದರೆ ಏನೆಂದು ಈಗಿನವರಿಗೆ ಗೊತ್ತಿಲ್ಲ ಬಿಡಿ. ನಾನೂ ನಮ್ಮ ಪುಷ್ಪಕ್ಕನೂ ಹುಟ್ಟಿದ್ದು ಹತ್ತಿ ಗಿರಣಿಯ ಕೆಲಸಗಾರರ ಲೈನ್ ಮನೆಯಲ್ಲಿ. ಎರಡು ಮನೆಗೆ ಒಂದೇ ಗೋಡೆ. ಬೆಳಗಾಗುತ್ತಿದ್ದದ್ದೇ ಪಂಪ್ ಸ್ಟೋವಿನ ಬುಸುಗುಟ್ಟುವಿಕೆಯಿಂದ. ಅದರ ತೂತು ಕಟ್ಟಿಕೊಂಡರೆ ಪಿನ್ನು ಚುಚ್ಚುವುದು ಅಕ್ಕನ ಕೆಲಸ. ಉರಿ ಹಳದಿಗೆ ತಿರುಗುವ ಮೊದಲೇ ಸದ್ದು ಕೇಳಿ ಓಡಿ ಬರುತ್ತಿದ್ದಳು. ಅವ್ವ ಒರಳಿನಲ್ಲಿ ರುಬ್ಬುತ್ತಿದ್ದರೆ ಪಕ್ಕದ ಮನೆಯವರು, ಏನು ಹಂಪವ್ವ, ಇವತ್ತು ದೋಸೆನಾ ಎಂದು ಗೋಡೆಯಾಚೆಯಿಂದಲೇ ಕೇಳುತ್ತಿದ್ದರು. ಆಮೇಲೆ ಕುಕ್ಕರ್ ಬಂತು. ಮೊದಲ ದಿನ ಅದು ಕೂಗಿದಾಗ ಅವ್ವ ಹಿತ್ತಲಿಗೆ ಓಡಿಹೋಗಿದ್ದಳು. ಒಂದು ತಿಂಗಳು ಕಳೆಯುವಷ್ಟರಲ್ಲಿ ಇಡೀ ಲೈನಿನ ಹೆಂಗಸರು ಕುಕ್ಕರಿನ ಕೂಗು ಎಣಿಸುವುದರಲ್ಲಿ ಪಳಗಿಬಿಟ್ಟರು. ಅನ್ನಕ್ಕೆ ಎರಡು, ಬೇಳೆಗೆ ಮೂರು, ಕಾಳಿಗೆ ಐದು. ಗಡಿಯಾರ ಇರುವ ಮನೆಯಲ್ಲೂ ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ಅಪ್ಪ ಮಿಕ್ಸಿ ತಂದ ವರ್ಷ ನಮ್ಮ ಗತ್ತೇ ಬೇರೆ. ಅವ್ವ ಅದನ್ನು ಹಾಕಿದರೆ ಸಾಕು, ಲೈನಿನ ಎಲ್ಲ ಟಿವಿಗಳಲ್ಲೂ ಬಿಳಿ ಗೆರೆಗಳು ಕುಣಿಯುತ್ತಿದ್ದವು. ಭಾನುವಾರ ಸಂಜೆ ಸಿನಿಮಾ ಹೊತ್ತಿಗೆ ಯಾರಾದರೂ ಮಿಕ್ಸಿ ಹಾಕಿದರೆ ಗಂಡಸರು ಬನಿಯನ್ನಿನಲ್ಲೇ ಹೊರಗೆ ಬಂದು ಬೈಯುತ್ತಿದ್ದರು. ಆಮೇಲೆ ಗಡಗಡ ನಡುಗಿ ನಿಲ್ಲುವ ಫ್ರಿಜ್ಜು, ಬಚ್ಚಲಲ್ಲಿ ತಾನೇ ನಡೆದುಕೊಂಡು ಬಾಗಿಲಿಗೆ ಅಡ್ಡ ನಿಲ್ಲುವ ವಾಷಿಂಗ್ ಮೆಷಿನ್ನು, ಕರೆಂಟು ಹೋದಾಗ ಕೀಂಗುಟ್ಟುವ ಯುಪಿಎಸ್ಸು, ಒಲೆ ಮೇಲೆ ಹೊಗೆ ಎಳೆಯುವ ಚಿಮಣಿ. ಮನೆಯಿಂದ ಹೊಗೆ ಹೋಯಿತು, ಸದ್ದು ಬಂತು. ಅವ್ವನ ರಟ್ಟೆ ನೋವು ಹೋಯಿತು, ತಲೆನೋವು ಬಂತು. ಆದರೂ ನಾವು ಒಂದನ್ನೂ ಬೇಡ ಎನ್ನಲಿಲ್ಲ. ಒರಳುಕಲ್ಲೇ ಚೆನ್ನಾಗಿತ್ತು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರು ಯಾರೂ ರುಬ್ಬಿದವರಲ್ಲ.

ನಾನು ಡಿಪ್ಲೊಮಾ ಮುಗಿಸಿ ಹರಿಹರದ ದಾರಿಯಲ್ಲಿದ್ದ ಒಂದು ಮಿಕ್ಸಿ ಕಾರ್ಖಾನೆ ಸೇರಿದೆ. ಸದ್ದು ಅಳೆಯುವ ವಿಭಾಗ. ಗೋಡೆಗೆಲ್ಲ ಸ್ಪಂಜು ಬಡಿದ ಕೋಣೆಯಲ್ಲಿ ಮಿಕ್ಸಿ ತಿರುಗಿಸಿ ಅದು ಎಲ್ಲೆಲ್ಲಿ ಅರಚುತ್ತದೆ ಎಂದು ಕಂಡುಹಿಡಿಯುವುದು ನನ್ನ ಕೆಲಸ. ಮದುವೆಮನೆಗಳಲ್ಲಿ ನೆಂಟರು, ನಮ್ಮ ಚಂದ್ರಿ ಮಿಕ್ಸಿ ಹಾಡು ಕೇಳೋಕೆ ಸಂಬಳ ತಗೊಳ್ತಾಳೆ ಎಂದು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಅದೇ ಕೋಣೆಯಲ್ಲಿ ಮೌನಪೊರೆ ಹುಟ್ಟಿತು.

ಅದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಗೋಡೆಗೂ ಯಂತ್ರದ ಮೈಗೂ ಹಚ್ಚುವ ತೆಳ್ಳನೆಯ ಹಾಳೆ ಅದು. ಸದ್ದು ಎಂದರೆ ಗಾಳಿಯಲ್ಲಿ ಏಳುವ ಅಲೆ. ಆ ಅಲೆ ಏರುವಾಗ ಪೊರೆ ತನ್ನ ಅಲೆಯನ್ನು ಇಳಿಸುತ್ತದೆ, ಅದು ಇಳಿಯುವಾಗ ಇದು ಏರಿಸುತ್ತದೆ, ಎರಡೂ ಸೇರಿ ಸೊನ್ನೆ. ಕಷ್ಟವಿದ್ದದ್ದು ವೇಗದಲ್ಲಿ. ಸದ್ದು ಹೊರಟ ಮೇಲೆ ಲೆಕ್ಕ ಹಾಕುತ್ತ ಕೂತರೆ ಅಷ್ಟರಲ್ಲಿ ಅದು ಕಿವಿ ಸೇರಿರುತ್ತದೆ. ಅದಕ್ಕೆ ನಾವು ಯಂತ್ರದ ಹತ್ತಿರವೇ ಸುಳಿವು ಕೇಳಿದೆವು. ಮೋಟಾರಿಗೆ ಹೋಗುವ ಕರೆಂಟನ್ನು ನೋಡುತ್ತಿದ್ದರೆ ಮರುಕ್ಷಣ ಅದು ಹೇಗೆ ಅರಚಲಿದೆ ಎಂದು ಮೊದಲೇ ತಿಳಿಯುತ್ತದೆ. ಹಾಗೆ ಯಂತ್ರದ ಸದ್ದನ್ನೆಲ್ಲ ಕಳೆದ ಮೇಲೂ ಲೆಕ್ಕಕ್ಕೆ ಸಿಗದ ಚೂರುಪಾರು ಉಳಿಯುತ್ತಿತ್ತು. ಅದಕ್ಕೆ ನಾವು ಉಳಿಕೆ ಎಂದು ಹೆಸರಿಟ್ಟು, ಎರಡನೇ ಪದರದಲ್ಲಿ ಅದನ್ನೂ ಹಿಡಿದು ಅಳಿಸಿದೆವು. ಮನುಷ್ಯರ ಮಾತು ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಳಿಯಬೇಕು, ಅದು ನಮ್ಮ ನಿಯಮ.

ಆಗ ಊರು ಮುಗಿಲಿಗೆ ಬೆಳೆಯುತ್ತಿತ್ತು. ಒಂದೊಂದು ಕಟ್ಟಡದಲ್ಲಿ ನೂರಾರು ಅಡುಗೆಮನೆ, ಗೋಡೆಗಳು ಹಪ್ಪಳದಷ್ಟು ತೆಳು. ನಿದ್ದೆಗೆಟ್ಟ ಜನ ಕೋರ್ಟಿಗೆ ಹೋಗತೊಡಗಿದ ಮೇಲೆ ಸರ್ಕಾರ ಕಾಯಿದೆ ಮಾಡಿತು, ಬಹುಮಹಡಿ ಕಟ್ಟಡಕ್ಕೆಲ್ಲ ಮೌನಪೊರೆ ಕಡ್ಡಾಯ. ನಮಗೆ ಶಾಲು, ಹಾರ, ಫಲಕ. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿ ತೆಗೆದುಕೊಂಡೆ.

ಇಷ್ಟೆಲ್ಲ ಹೇಳಿದ್ದು ಅಕ್ಕನ ಕಥೆ ಹೇಳುವುದಕ್ಕೆ.

ಪುಷ್ಪಕ್ಕ ನನಗಿಂತ ಐದು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ವಿನೋಬನಗರದ ಒಂದು ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ಒಬ್ಬಳೇ ಇದ್ದಳು, ಇಷ್ಟಪಟ್ಟೇ ಇದ್ದಳು. ಅರವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದವು. ಆಗಲೂ ನಾನು ನಮ್ಮ ಮನೆಗೆ ಬಾ ಎಂದಿದ್ದೆ. ನಿನ್ನ ಅಡುಗೆಮನೆಯಲ್ಲಿ ನನಗೆ ದಾರಿ ಗೊತ್ತಾಗಲ್ಲ, ನನ್ನದರಲ್ಲಿ ಗೊತ್ತು ಎಂದಳು. ಅದು ನಿಜ. ಸಾಸಿವೆ ಚಟಪಟ ನಿಂತ ಕೂಡಲೇ ಕರಿಬೇವು ಹಾಕುತ್ತಿದ್ದಳು. ಕೊಡ ತುಂಬುತ್ತ ಬಂದಂತೆ ನೀರಿನ ಸದ್ದು ಸಣ್ಣದಾಗುವುದನ್ನು ಕೇಳಿ ನಲ್ಲಿ ನಿಲ್ಲಿಸುತ್ತಿದ್ದಳು. ಶನಿವಾರ ಸಂಜೆ ಆ ಮಹಡಿಯ ಮಕ್ಕಳಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಅವಳದೇ. ಕಣ್ಣು ಕಾಣದವಳು ಕುದಿಯುವ ಎಣ್ಣೆ ಮುಂದೆ ನಿಂತು ಬಜ್ಜಿ ಕರಿಯುವುದನ್ನು ನೋಡಲಿಕ್ಕೇ ಕೆಲವರು ಬರುತ್ತಿದ್ದರು. ಅಕ್ಕನಿಗೆ ಅದು ಗೊತ್ತಿತ್ತು, ಬೇಕೆಂದೇ ಬಾಗಿಲು ತೆರೆದಿಟ್ಟು ಕರಿಯುತ್ತಿದ್ದಳು.

ಕಾಯಿದೆಯ ಪ್ರಕಾರ ಆ ಹಳೆಯ ಕಟ್ಟಡಕ್ಕೂ ಪೊರೆ ಬಂತು. ಕೆಲಸದವರು ಬಂದು ಒಂದೇ ದಿನದಲ್ಲಿ ಹಚ್ಚಿ ಹೋದರು. ಇನ್ನು ಎಷ್ಟು ನೆಮ್ಮದಿ ನೋಡು ಎಂದು ನಾನೇ ಫೋನಿನಲ್ಲಿ ಹೇಳಿದ್ದೆ.

ಆ ವಾರವೇ ಅಕ್ಕನ ಕೈ ಸುಟ್ಟಿತು. ಎಣ್ಣೆ ಕಾದಿದೆಯೋ ಇಲ್ಲವೋ ತಿಳಿಯಲು ಯಾವಾಗಿನಂತೆ ಎರಡು ಸಾಸಿವೆ ಹಾಕಿದ್ದಾಳೆ. ಏನೂ ಕೇಳಲಿಲ್ಲ. ಇನ್ನೂ ಕಾದಿಲ್ಲ ಎಂದು ಉರಿ ಹೆಚ್ಚಿಸಿದ್ದಾಳೆ. ಆಮೇಲೆ ಬಜ್ಜಿ ಬಿಟ್ಟ ಕೂಡಲೇ ಎಣ್ಣೆ ಸಿಡಿದು ಮಣಿಕಟ್ಟಿನಿಂದ ಮೊಣಕೈವರೆಗೆ ಬೊಬ್ಬೆ. ಅವಳು ಕಿರುಚಿದ್ದು ಮನುಷ್ಯರ ಮಾತಿನ ಲೆಕ್ಕಕ್ಕೆ ಸೇರಿ ಪಕ್ಕದವರಿಗೆ ಕೇಳಿತು, ಪುಣ್ಯ. ಅದಾದ ಮೂರನೇ ದಿನ ನಲ್ಲಿಯ ಕೆಳಗಿಟ್ಟ ಪಾತ್ರೆ ತುಂಬಿ ಹರಿದು, ಅದರಲ್ಲಿ ಜಾರಿ ಬಿದ್ದಳು.

ವಾಸಯೋಗ್ಯತಾ ಮಂಡಳಿ ಎಂಬುದೊಂದಿದೆ. ಒಬ್ಬರೇ ಇರುವ ವಯಸ್ಸಾದವರು ಕ್ಷೇಮವಾಗಿದ್ದಾರೆಯೇ ಎಂದು ನೋಡುವುದು ಅದರ ಕೆಲಸ. ಅಲ್ಲಿಂದ ತಿಪ್ಪೇಸ್ವಾಮಿ ಎಂಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು, ತಾಯಿ ಎಂದೇ ಮಾತಾಡಿಸಿದರು. ಆದರೆ ಹೇಳಿದ್ದು ಮಾತ್ರ ಕಹಿ. ಪೊರೆ ಇಡೀ ಕಟ್ಟಡಕ್ಕೆ ಒಂದೇ, ಒಬ್ಬರ ಮನೆಯದನ್ನು ಕಿತ್ತರೆ ಅಕ್ಕಪಕ್ಕದವರ ಗೋಡೆಯೂ ಬಾಯಿಬಿಡುತ್ತದೆ, ಆಗದು. ಮೂರು ತಿಂಗಳ ಒಳಗೆ ತಾನೊಬ್ಬಳೇ ಅಡುಗೆ ಮಾಡಿಕೊಳ್ಳಬಲ್ಲೆ ಎಂದು ಪರೀಕ್ಷೆಯಲ್ಲಿ ತೋರಿಸಬೇಕು, ಇಲ್ಲದಿದ್ದರೆ ಆಸರೆ ಭವನಕ್ಕೆ. ಅಲ್ಲಿ ಒಳ್ಳೆಯ ಹಾಸಿಗೆ, ದಾದಿಯರು, ಹೊತ್ತುಹೊತ್ತಿಗೆ ಗೋಡೆಯ ಕಿಂಡಿಯಿಂದ ಊಟ. ಒಲೆ ಮಾತ್ರ ಇಲ್ಲ. ಪರೀಕ್ಷೆವರೆಗೆ ಜೊತೆಯಲ್ಲಿ ಯಾರಾದರೂ ಇರಲೇಬೇಕು.

ಅಕ್ಕ ಬ್ಯಾಂಡೇಜಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೇಳಿಸಿಕೊಂಡಳು. ಆಮೇಲೆ ಹೇಳಿದಳು, "ಬರೀ ತಿನ್ನೋದೇ ಆದ್ರೆ ಆಸ್ಪತ್ರೇಲೂ ತಿಂತೀನಿ ಸಾಹೇಬ್ರೆ. ನಾನು ಬದುಕಿರೋದು ನಾಕು ಜನಕ್ಕೆ ಬಡಿಸೋಕೆ."

ನಾನು ಗಂಡನಿಗೆ ಹೇಳಿ, ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಅಕ್ಕನ ಮನೆಗೆ ಹೋದೆ.

ಒಂದೇ ಮನೆಯಲ್ಲಿ ನಾವಿಬ್ಬರೂ ಇದ್ದು ಐವತ್ತು ವರ್ಷದ ಮೇಲಾಗಿತ್ತು. ಮೊದಲ ದಿನವೇ ಜಗಳ. ಅವಳಿಗೆ ಉಪ್ಪಿನ ಡಬ್ಬಿ ಎಡಗಡೆ ಇರಬೇಕು, ನಾನು ಬಲಗಡೆ ಇಟ್ಟಿದ್ದೆ. ನಾನು ಮಾಡಿದ ಪಲ್ಯಕ್ಕೆ ಅವಳು ಮೂಗು ಮುರಿದಳು. ನನ್ನ ಯಂತ್ರವನ್ನು ಅವಳು ಬೈದಳು, ಅವಳ ಹಟವನ್ನು ನಾನು ಬೈದೆ. ಪೊರೆ ಹಚ್ಚಿದ್ದು ತಪ್ಪು ಎಂದು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ಬೆಳಗ್ಗೆ ಅಡುಗೆಮನೆ ಬಾಗಿಲಲ್ಲಿ ಅಕ್ಕ ಗೋಡೆ ತಡವುತ್ತ ನಿಂತದ್ದನ್ನು ನೋಡಿ ಜಗಳ ಬಿಟ್ಟೆ. ಕಣ್ಣು ಹೋದಾಗಲೂ ಅವಳು ಗೋಡೆ ತಡವಿದವಳಲ್ಲ.

ಮೊದಲು ನಾನು ಮಾಡಿದ್ದು ಯಾರಾದರೂ ಮಾಡುವುದನ್ನೇ. ಯಂತ್ರಗಳಿಗೆ ಮಾತು ಕಲಿಸಿದೆ. ಅಕ್ಕಿ ಬೆಂದಿದೆ, ಹಾಲು ಕಾದಿದೆ, ಎಣ್ಣೆ ಸಿದ್ಧವಿದೆ ಎಂದು ಒಂದು ಹೆಣ್ಣು ದನಿ ಹೇಳುತ್ತಿತ್ತು. ಅಕ್ಕ ಒಂದು ವಾರ ಸಹಿಸಿದಳು. ಆಮೇಲೆ, ಈಕೆ ಯಾರು ನನ್ನ ಅಡುಗೆಮನೇಲಿ, ಅತ್ತೆ ಸತ್ತು ಮೂವತ್ತು ವರ್ಷ ಆತು ಎಂದಳು. ಅವಳ ತಕರಾರು ನ್ಯಾಯವಾಗಿಯೇ ಇತ್ತು. ಆ ದನಿ ಎಲ್ಲವನ್ನೂ ಮುಗಿದ ಮೇಲೆ ಹೇಳುತ್ತಿತ್ತು. ನಡೆಯುತ್ತಿರುವಾಗ ಏನಾಗುತ್ತಿದೆ ಎಂದು ಅದಕ್ಕೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಾಗುತ್ತಿರಲಿಲ್ಲ.

ಯುಗಾದಿ ಹತ್ತಿರ ಬಂತು. ನಾನು ಇನ್ನೊಂದು ಉಪಾಯ ಮಾಡಿದೆ. ಈಗಿನ ಬೇಯಿಸುವ ಪಾತ್ರೆಗಳು ಕೂಗುವುದಿಲ್ಲವಲ್ಲ, ನಮ್ಮ ಕಾಲದ ಕುಕ್ಕರ್ ಕೂಗಿನ ರೆಕಾರ್ಡು ಹುಡುಕಿ, ಪೊರೆ ಅಳಿಸದಂತೆ ಮನುಷ್ಯರ ಮಾತಿನ ಲೆಕ್ಕಕ್ಕೆ ಹಾಕಿ ಅದಕ್ಕೆ ಸೇರಿಸಿದೆ. ಇಷ್ಟಿಷ್ಟು ನಿಮಿಷಕ್ಕೆ ಒಂದು ಕೂಗು ಎಂದು ಹೊಂದಿಸಿದೆ. ಮೊದಲ ಸಲ ಅದು ಕೂಗಿದಾಗ ಅಕ್ಕನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ನಾನಂತೂ ಗೆದ್ದೆ ಎಂದೇ ತಿಳಿದೆ.

ಹಬ್ಬಕ್ಕೆ ಹೋಳಿಗೆ. ನೆಂಟರೆಲ್ಲ ಬರುವವರಿದ್ದರು, ಅಕ್ಕ ಯಾವಾಗಿನ ಎರಡರಷ್ಟು ಕಡಲೆಬೇಳೆ ಹಾಕಿದಳು. ಕೂಗು ಎಣಿಸಿದಳು, ಇಳಿಸಿದಳು, ಬೆಲ್ಲ ಹಾಕಿ ರುಬ್ಬಿದಳು. ಆ ಕೂಗಿಗೆ ಬೇಳೆಯೂ ಗೊತ್ತಿಲ್ಲ, ಹಬೆಯೂ ಗೊತ್ತಿಲ್ಲ, ಬರೀ ನಿಮಿಷ ಗೊತ್ತು ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಜೀವಮಾನವೆಲ್ಲ ಕೂಗು ನಂಬಿ ಬಾಳಿದ ಹೆಂಗಸರು ನಾವು, ಕೂಗಿದ ಮೇಲೆ ಬೆಂದೇ ಬೆಂದಿರುತ್ತದೆ ಎಂದುಕೊಂಡೆವು. ಹೂರಣ ತರಿತರಿ ಉಳಿಯಿತು. ಹೋಳಿಗೆ ಲಟ್ಟಿಸುವಾಗ ಅಲ್ಲಲ್ಲಿ ಒಡೆಯಿತು. ನೆಂಟರು ಚೆನ್ನಾಗಿದೆ ಎಂದೇ ತಿಂದರು. ನಮ್ಮ ತಮ್ಮನ ಮೊಮ್ಮಗಳೊಬ್ಬಳು, ಅಜ್ಜಿ ಇದರಲ್ಲಿ ಕಲ್ಲಿದೆ ಎಂದುಬಿಟ್ಟಳು. ಪುಷ್ಪಕ್ಕನ ಹೋಳಿಗೆಗೆ ಹೆಸರಿಡುವುದು ಅದೇ ಮೊದಲು. ಅಕ್ಕ ನಗುತ್ತಲೇ ತುಪ್ಪ ಬಡಿಸಿದಳು, ಎಲ್ಲರೂ ಹೋದ ಮೇಲೆ ಉಳಿದ ಹೂರಣವನ್ನು ಎತ್ತಿ ಕಸಕ್ಕೆ ಸುರಿದಳು.

ಮರುದಿನ ಮಧ್ಯಾಹ್ನ ನಾನು ಚಟ್ನಿಗೆ ಕಾಯಿ ಹಾಕಿ ಮಿಕ್ಸಿ ತಿರುಗಿಸಿದೆ. ಅಕ್ಕ ಕಟ್ಟೆಗೆ ಒರಗಿ ನಿಂತಿದ್ದಳು. ತಿರುಗುತ್ತಿದೆಯಾ ಎಂದು ಕೇಳಿದಳು. ಹೌದು ಎಂದೆ. ಮಿಕ್ಸಿಯ ಮೇಲೆ ಅಂಗೈ ಇಟ್ಟು ನೋಡಿದಳು.

"ಚಂದ್ರಿ, ನೀನು ಮಿಕ್ಸಿ ಸದ್ದು ತೆಗ್ದೆ. ಆತು, ಒಪ್ದೆ. ಅದು ಕೆಟ್ಟ ಸದ್ದೇ ಆಗಿತ್ತು. ಚಟ್ನಿ ಸದ್ದು ಯಾಕೆ ತೆಗ್ದೆ?"

ನನಗೆ ರೇಗಿತು. ಚಟ್ನಿಗೆ ಎಲ್ಲಿಯ ಸದ್ದು, ಅದೆಲ್ಲ ಮಿಕ್ಸಿಯದೇ ಎಂದೆ. ಅಕ್ಕ ಬಿಡಲಿಲ್ಲ. ಕಾಯಿ ದಪ್ಪ ಇದ್ದಾಗ ಒಂದು ಥರ, ನುಣ್ಣಗಾದಾಗ ಒಂದು ಥರ, ನೀರು ಕಮ್ಮಿಯಾಗಿ ಬ್ಲೇಡು ಗಾಳಿಯಲ್ಲಿ ತಿರುಗುವಾಗ ಇನ್ನೊಂದು ಥರ ಎಂದು ಬಾಯಲ್ಲೇ ಮಾಡಿ ತೋರಿಸಿದಳು. ನಾನು ಮಿಕ್ಸಿ ನಿಲ್ಲಿಸಿದೆ. ಅವಳು ಬಾಯಲ್ಲಿ ಮಾಡಿದ್ದು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿ ಇರಲಿಲ್ಲ. ಅದು ಉಳಿಕೆ. ನಾವು ಎರಡನೇ ಪದರದಲ್ಲಿ ಹಿಡಿದು ಅಳಿಸುತ್ತಿದ್ದ ಚೂರುಪಾರು.

ಪಕ್ಕದ ಮನೆಯವರನ್ನು ಅಕ್ಕನ ಜೊತೆ ಕೂರಿಸಿ, ಸೀರೆಯನ್ನೂ ಬದಲಿಸದೆ ಕಾರ್ಖಾನೆಗೆ ಹೋದೆ. ಈಗ ಆ ವಿಭಾಗದ ಮುಖ್ಯಸ್ಥೆ ಫೌಜಿಯಾ ಬಾನು, ನನ್ನ ಕೈಕೆಳಗೇ ಕೆಲಸ ಕಲಿತವಳು. ನಿವೃತ್ತಿಯಾದ ಮೇಲೂ ನಾನು ಆಗಾಗ ಹೋಗಿ ತಲೆ ತಿನ್ನುವುದು ಅವಳಿಗೆ ರೂಢಿ. ವಿಷಯ ಹೇಳಿದೆ. ಫೌಜಿಯಾ ಪೆನ್ನು ಕಚ್ಚಿಕೊಂಡು ಯೋಚಿಸಿದಳು. ಮೋಟಾರಿನ ಸದ್ದಿನ ಲೆಕ್ಕ ನಮ್ಮ ಹತ್ತಿರ ಪಕ್ಕಾ ಇದೆ ಮೇಡಂ, ಅದನ್ನು ಕಳೆದರೆ ಉಳಿಯುವುದು ಪಾತ್ರೆಯ ಒಳಗಿನದು ಮಾತ್ರ, ನಾವು ಇಷ್ಟು ದಿನ ಅದನ್ನು ಕಸ ಅಂದ್ಕೊಂಡು ಎಸೀತಿದ್ವಿ ಎಂದಳು. ಎಸೆಯುವುದನ್ನು ನಿಲ್ಲಿಸಿದರೆ ಸಾಕು. ಪೊರೆಯಲ್ಲಿ ಹೊಸದೇನೂ ಬೇಡ, ಗೋಡೆ ಒಡೆಯುವುದೂ ಬೇಡ. ಮೊದಲ ಪದರ ಯಂತ್ರದ ಬಾಯಿ ಮುಚ್ಚಲಿ, ಎರಡನೇ ಪದರ ಅಕ್ಕನ ಅಡುಗೆಮನೆಯೊಳಗೆ ಮಾತ್ರ ಉಳಿಕೆಯನ್ನು ಹಾಗೇ ಬಿಡಲಿ.

ಕಾಯಿದೆ ಏನೆನ್ನುತ್ತದೆ ಎಂದು ನನಗೆ ಅಳುಕಿತ್ತು. ಫೌಜಿಯಾ ನಕ್ಕಳು. ಕಾಯಿದೆಯಲ್ಲಿ ಇರುವುದು ಯಂತ್ರದ ಸದ್ದು ಅಂತ ಮೇಡಂ, ಚಟ್ನಿ ಯಂತ್ರ ಅಲ್ಲ ಎಂದಳು. ಇಂಥ ಶಿಷ್ಯೆಯರು ಇರುವಾಗ ನಾನು ಯಾಕೆ ಬೀಗಬಾರದು?

ಲೆಕ್ಕ ತಿದ್ದಲು ಕೆಲವು ದಿನ ಹಿಡಿಯಿತು. ಕೊನೆಗೆ ಸ್ಪಂಜು ಗೋಡೆಯ ಅದೇ ಕೋಣೆಯಲ್ಲಿ, ಕ್ಯಾಂಟೀನಿನಿಂದ ತರಿಸಿದ ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ಹಾಕಿ ಮಿಕ್ಸಿ ತಿರುಗಿಸಿದೆವು.

ಆ ಸದ್ದನ್ನು ಹೇಗೆ ಹೇಳಲಿ? ಮೊದಲು ಒರಟಾಗಿ ಕರಕರ, ನಡುನಡುವೆ ಹುರಿಗಡಲೆ ಪಟ್ ಎಂದು ಒಡೆಯುವುದು. ನಿಧಾನವಾಗಿ ಕರಕರ ಹೋಗಿ ಸರಸರ ಬಂತು. ಫೌಜಿಯಾ ಚೂರು ನೀರು ಬಿಟ್ಟಳು, ಅದು ಮೆತ್ತಗೆ ಗುಳುಗುಳು ಎಂದಿತು. ಪಿಸುಮಾತಿಗಿಂತ ಜೋರಿಲ್ಲ. ಒರಳಿನಲ್ಲಿ ರುಬ್ಬಿದ ನಮ್ಮ ಅಜ್ಜಿಯರಿಗೆ ಕೇಳಿದ್ದು ಕಲ್ಲಿನ ಸದ್ದು, ನಮ್ಮ ಅವ್ವಂದಿರಿಗೆ ಕೇಳಿದ್ದು ಮೋಟಾರಿನ ಸದ್ದು. ಬರೀ ಚಟ್ನಿಯ ಸದ್ದನ್ನು ಕೇಳಿದ ಮೊದಲಿಗರು ನಾವಿಬ್ಬರೇ. ನನ್ನ ಕಣ್ಣಲ್ಲಿ ನೀರು ಬಂತು. ಫೌಜಿಯಾ ಮೆಣಸಿನಕಾಯಿ ಘಾಟು ಎಂದು ತನ್ನ ಕಣ್ಣೂ ಒರೆಸಿಕೊಂಡಳು.

ಅಕ್ಕನ ಮನೆಗೆ ಅದನ್ನು ಹೊಂದಿಸಿದ ದಿನ ಅವಳು ಮೊದಲು ಮಾಡಿದ್ದು ಚಹಾಕ್ಕೆ ನೀರಿಟ್ಟದ್ದು. ನೀರು ಮೊದಲು ಸುಂಯ್ ಎಂದು ಹಾಡಿ, ಕುದಿ ಬರುವ ಹೊತ್ತಿಗೆ ದನಿ ತಗ್ಗಿಸಿ ದಪ್ಪಗಾಗುವುದನ್ನು ತಲೆ ಓರೆ ಮಾಡಿ ಕೇಳಿಸಿಕೊಂಡಳು. ಚಹಾಸೊಪ್ಪು ಹಾಕಿದಳು, ಹಾಲು ಹಾಕಿದಳು, ಸೋಸಿ ತಂದು ಕೈಗೆ ಕೊಟ್ಟಳು. ಹೇಗಿದೆ ಎಂದು ನಾನು ಕೇಳಿದ್ದು ಸದ್ದಿನ ವಿಷಯ. ಕುಡಿದು ನೋಡಿ ನೀನೇ ಹೇಳಬೇಕು ಎಂದಳು. ಚಹಾ ಹೊಗಳಿದೆ. ಅವಳು ನನ್ನ ಯಂತ್ರವನ್ನು ಹೊಗಳಲಿಲ್ಲ. ಅವಳ ಸ್ವಭಾವವೇ ಅದು.

ಆದರೂ ಸುಲಭವಾಗಿ ಆಗಲಿಲ್ಲ. ಕೇಳಿಸುತ್ತಿದ್ದದ್ದು ಹಳೆಯ ಸದ್ದಲ್ಲ, ಅದರ ತಿರುಳು. ಅವಳ ಕಿವಿ ಹೊಸದಾಗಿ ಪಳಗಬೇಕಿತ್ತು. ಒಂದು ದಿನ ಅನ್ನ ತಳ ಹಿಡಿಯಿತು. ಇನ್ನೊಂದು ದಿನ ಒಗ್ಗರಣೆ ಸೀದು ಮನೆಯೆಲ್ಲ ಕೆಮ್ಮು. ನಾನು ಕೈಹಾಕಲು ಹೋದರೆ ಸೌಟಿನಿಂದಲೇ ತಡೆಯುತ್ತಿದ್ದಳು. ಎಣ್ಣೆಯ ಹತ್ತಿರ ಮಾತ್ರ ಹೋಗಲಿಲ್ಲ. ಬಾಣಲೆ ಕೈಗೆ ತಗುಲಿದರೆ ಕೈ ಹಿಂದಕ್ಕೆ ಬರುತ್ತಿತ್ತು. ಎಂಬತ್ತಮೂರರ ಜೀವ, ಸುಟ್ಟ ಕಲೆ ಇನ್ನೂ ಹಸಿಯಾಗಿತ್ತು. ಬಜ್ಜಿ ಬೇಡ ಬಿಡಕ್ಕ, ಪರೀಕ್ಷೆಗೆ ಅನ್ನ ಸಾರು ಸಾಕು ಎಂದೆ. ಅವಳು ಕಡಲೆಹಿಟ್ಟಿನ ಡಬ್ಬಿ ಅಲ್ಲಾಡಿಸಿ ಎಷ್ಟಿದೆ ಎಂದು ಕೇಳಿಸಿಕೊಂಡಳು.

ಪರೀಕ್ಷೆಯ ದಿನ ತಿಪ್ಪೇಸ್ವಾಮಿ ಬೆಳಗ್ಗೆಯೇ ಬಂದರು. ನಾನು ಪಡಸಾಲೆಯ ಕುರ್ಚಿಯಲ್ಲಿ ಕೂರಬೇಕು, ಒಂದು ಮಾತೂ ಆಡಕೂಡದು, ಸನ್ನೆಗೆ ಕೆಮ್ಮಲೂ ಕೂಡದು. ಅಡುಗೆಮನೆ ಬಾಗಿಲು ತೆರೆದೇ ಇತ್ತು. ಅಕ್ಕ ಅನ್ನಕ್ಕಿಟ್ಟಳು, ಬೇಳೆಗಿಟ್ಟಳು, ಚಟ್ನಿ ರುಬ್ಬಿದಳು. ಕರಕರ ಸರಸರವಾಗುತ್ತಿದ್ದಂತೆ ಸರಿಯಾಗಿ ನಿಲ್ಲಿಸಿದಳು. ತಿಪ್ಪೇಸ್ವಾಮಿ ಒಂದಿಷ್ಟು ಬೆರಳಿಗೆ ಹಚ್ಚಿಕೊಂಡು ನೋಡಿ ತಲೆಯಾಡಿಸಿದರು.

ಆಮೇಲೆ ಅಕ್ಕ ಬಾಣಲೆ ತೆಗೆದು ಒಲೆಗಿಟ್ಟಳು. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದೆ. ಎಣ್ಣೆ ಸುರಿದಳು, ಕಾಯಿಸಿದಳು, ಎರಡು ಸಾಸಿವೆ ಬಿಟ್ಟಳು. ಸಾಸಿವೆ ಚಟ್ ಎಂದ ಮೇಲೂ ಒಂದು ಗಳಿಗೆ ಹಾಗೇ ನಿಂತಳು. ನಂತರ ಹಿಟ್ಟಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಬಾಣಲೆಯ ಅಂಚಿನಿಂದ ಜಾರಿಸಿದಳು. ಎಣ್ಣೆ ಸುರ್ರೆಂದಿತು. ಎರಡನೆಯದು, ಮೂರನೆಯದು.

ಅದೇ ಹೊತ್ತಿಗೆ ತಿಪ್ಪೇಸ್ವಾಮಿ ಸದ್ದಿಲ್ಲದೆ ಒಲೆಯ ಇನ್ನೊಂದು ತುದಿಗೆ ಹೋದರು. ಒಂದು ಖಾಲಿ ಸ್ಟೀಲ್ ಪಾತ್ರೆಯನ್ನು ಅಲ್ಲಿಟ್ಟು ಉರಿ ಹಚ್ಚಿದರು. ಇದು ಪರೀಕ್ಷೆಯ ಭಾಗವೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಖಾಲಿ ಪಾತ್ರೆಯ ಪಕ್ಕದಲ್ಲೇ ಕೈಒರೆಸುವ ಬಟ್ಟೆ ಇತ್ತು. ಒಂದು ಕಡೆ ಬಜ್ಜಿಯ ಸದ್ದು ಕೋಣೆಯನ್ನೇ ತುಂಬಿದೆ, ಅದರ ನಡುವೆ ಖಾಲಿ ಪಾತ್ರೆಯ ಸದ್ದು ಏನು ಮಹಾ ಕೇಳೀತು? ಎದ್ದು ಕೂಗಿಬಿಡೋಣ ಅನ್ನಿಸಿತು. ಕೂಗಿದರೆ ಅವಳು ಸೋತಂತೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ.

ಅಕ್ಕ ಬಜ್ಜಿ ತಿರುವಿ ಹಾಕಿದಳು. ತಿರುವುತ್ತ ತಿರುವುತ್ತ ತೂತಿನ ಸೌಟು ಕೈಯಲ್ಲೇ ನಿಂತಿತು. ತಲೆ ಓರೆಯಾಯಿತು.

"ಯಾರು ಖಾಲಿ ಪಾತ್ರೆ ಇಟ್ಟೋರು? ಟಿಕ್ ಟಿಕ್ ಅಂತೈತೆ."

ಅಕ್ಕ ಮೊದಲು ಬಜ್ಜಿಯ ಉರಿ ತಗ್ಗಿಸಿದಳು. ಕಟ್ಟೆ ಹಿಡಿದು ಆಚೆ ತುದಿಗೆ ಹೋಗಿ ಆ ಉರಿ ಆರಿಸಿದಳು. ಬಟ್ಟೆಯಿಂದ ಪಾತ್ರೆ ಹಿಡಿದು ಪಕ್ಕಕ್ಕಿಟ್ಟಳು. ತಿರುಗಿ ಬಂದು ಬಜ್ಜಿಗಳನ್ನು ಎತ್ತಿದಳು, ಒಂದೂ ಕಪ್ಪಾಗಿರಲಿಲ್ಲ. ನಂತರ ಅಧಿಕಾರಿ ನಿಂತ ಕಡೆಗೇ ಮುಖ ಮಾಡಿ, "ಸಾಹೇಬ್ರೆ, ಮನೇಲೂ ಹಿಂಗೇ ಮಾಡ್ತೀರಾ? ನಿಮ್ಮ ಮನೆಯೋರು ಪಾಪ" ಎಂದಳು.

ತಿಪ್ಪೇಸ್ವಾಮಿ ಗಹಗಹಿಸಿ ನಕ್ಕರು. ನಾನು ನಗಲಿಲ್ಲ. ಸೆರಗನ್ನು ಬಾಯಿಂದ ತೆಗೆದು ಅದರಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಅವರು ಅಲ್ಲೇ ರುಜು ಹಾಕಿ, ತಾಯಿ ನೀವು ಇಲ್ಲೇ ಇರಿ, ನಿಮ್ಮ ಒಲೆ ನಿಮ್ಮದೇ ಎಂದರು. ಹೊರಡಲು ಎದ್ದವರನ್ನು ಅಕ್ಕ ಬಿಡಲಿಲ್ಲ. ಮಂಡಕ್ಕಿಗೆ ಈರುಳ್ಳಿ ಕಲಸಿ, ಎರಡು ಬಜ್ಜಿ ಇಟ್ಟು ತಟ್ಟೆ ಕೊಟ್ಟಳು. ಅವರು ತಿನ್ನುತ್ತಿರುವಾಗ ನನ್ನ ಕಡೆ ಕೈ ತೋರಿಸಿ, ನಾನು ಜೀವಮಾನದಲ್ಲಿ ಅವಳ ಬಾಯಿಂದ ಕೇಳದ ಮಾತು ಹೇಳಿದಳು.

"ಇವಳು ನನ್ನ ತಂಗಿ. ಊರಿನ ಸದ್ದೆಲ್ಲ ನಿಲ್ಸಿದೋಳು ಇವಳೇ, ನನಗೆ ಬೇಕಾದಷ್ಟು ವಾಪಸ್ ಕೊಟ್ಟೋಳೂ ಇವಳೇ."

ಅವರು ಹೋದ ಮೇಲೆ ಫೌಜಿಯಾಗೆ ಫೋನು ಮಾಡಿದೆ. ಅವಳ ಹತ್ತಿರ ಆಗಲೇ ಬೇರೆ ಬೇರೆ ಮನೆಗಳಿಂದ ಕೋರಿಕೆಗಳು ಬರುತ್ತಿದ್ದವಂತೆ, ಕಣ್ಣು ಇದ್ದವರಿಂದಲೂ. ಹಾಲು ಉಕ್ಕುವುದು ಮತ್ತೆ ಕೇಳಬೇಕು ಎಂದು. ನಾನು ಈ ಸುದ್ದಿ ಹೇಳಲು ಅಡುಗೆಮನೆಗೆ ಹೋದರೆ ಅಕ್ಕ ಕಟ್ಟೆ ಒರೆಸುತ್ತಿದ್ದಳು. ನಾನು ಸಾರಿನ ಪಾತ್ರೆ ಎತ್ತಿಡಲು ಹೋದೆ. ಅವಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ತನ್ನ ಜಾಗದಲ್ಲಿ ಇಟ್ಟಳು.

"ನೀನು ಯಾವಾಗ ಹೋಗ್ತೀಯ?" ಎಂದು ಕೇಳಿದಳು.

ಇನ್ನೊಂದು ವಾರ ಇರುತ್ತೇನೆ ಎಂದೆ. ಯಾಕೆ ಎಂದಳು. ನಿನ್ನ ಗಂಡ ಹೋಟೆಲಲ್ಲಿ ತಿಂತಾ ಇದ್ದಾರೆ, ಹೋಗು, ಶನಿವಾರ ಬಾ, ಬಜ್ಜಿ ಮಾಡಿರ್ತೀನಿ ಎಂದು ನನ್ನ ಚೀಲವನ್ನು ತಾನೇ ತಂದು ಕೈಗೆ ಕೊಟ್ಟಳು. ಬಾಗಿಲವರೆಗೆ ಬಂದಳು, ಎಲ್ಲೂ ಗೋಡೆ ತಡವಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಬಾಗಿಲು ಹಾಕಿಕೊಂಡಳು.

ಕೆಳಗಿಳಿದು ಬಂದು ನಿಂತಿದ್ದ ಆಟೋ ಹತ್ತಿದೆ. ಈಗಿನ ಆಟೋಗಳಲ್ಲಿ ಡ್ರೈವರು ಎಲ್ಲಿ, ಯಂತ್ರವೇ ಕೇಳುತ್ತದೆ. ಎಲ್ಲಿಗೆ ಹೋಗಬೇಕು ಎಂದು ಕೇಳಿತು.

"ನಮ್ಮಕ್ಕ ಯಾರ ಹಂಗಿಲ್ಲದೆ ಒಬ್ಬಳೇ ಇರ್ತಾಳಪ್ಪ" ಎಂದೆ.

ಅದಕ್ಕೆ ಅರ್ಥವಾಗಲಿಲ್ಲ. ಎಲ್ಲಿಗೆ ಹೋಗಬೇಕು ಎಂದು ಮತ್ತೆ ಕೇಳಿತು. ನಾನು ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಇನ್ನೊಂದು ಸಲ ಅದನ್ನೇ ಹೇಳಿದೆ.